ಕೆನಡಾದ ಫೋನು, ಡಂಬಳದ ಕ್ಯಾರಿಯರ್

ಗದಗ ಜಿಲ್ಲೆಯಾಗಿ ಹತ್ತು ಹನ್ನೊಂದು ವರ್ಷವಾಗಿದ್ದ ಕಾಲ. ಡಂಬಳದಲ್ಲಿ ಆಗ ಇಂಗ್ಲಿಷ್ ಬಲ್ಲವರು ಮೂವರಿದ್ದರು. ಒಬ್ಬರು ಹೈಸ್ಕೂಲಿನ ಗವಿಸಿದ್ದೇಶ ಮಾಸ್ತರು. ಅವರು ಬೇಸಿಗೆ ರಜೆಗೆ ಹೆಂಡತಿಯ ತವರಿಗೆ ಹೋದವರು ಇನ್ನೂ ಬಂದಿರಲಿಲ್ಲ. ಇನ್ನೊಬ್ಬರು ದವಾಖಾನೆಯ ಡಾಕ್ಟರು. ಅವರು ಬರೆದದ್ದನ್ನೇ ಯಾರೂ ಓದಲಾರರು, ಇನ್ನು ಬೇರೆಯವರು ಬರೆದದ್ದನ್ನು ಅವರು ಓದಿಯಾರೆಂಬ ಭರವಸೆ ಊರಿಗಿರಲಿಲ್ಲ. ಮೂರನೆಯವನೇ ಸೈಕಲ್ ಅಂಗಡಿಯ ಮಾಶಾಕ.

ಮಾಶಾಕ ಕಲಿತದ್ದು ನಾಲ್ಕನೇ ಇಯತ್ತೆ. ಆದರೆ ಬೆಟಗೇರಿಯಿಂದ ತರುವ ಸಾಮಾನಿನ ಡಬ್ಬಿಗಳ ಮೇಲಿನ ಅಕ್ಷರಗಳನ್ನು ಇಪ್ಪತ್ತೆರಡು ವರ್ಷ ಕೂಡಿಸಿ ಕೂಡಿಸಿ ಓದಿ, ಪೆಡಲ್, ಚೈನ್, ಬ್ರೇಕ್, ಟ್ಯೂಬ್, ಮಡ್‌ಗಾರ್ಡ್ ಇವನ್ನೆಲ್ಲ ಕಣ್ಣು ಮುಚ್ಚಿ ಬರೆಯುವಷ್ಟು ಪಂಡಿತನಾಗಿದ್ದ. ಇಷ್ಟು ಬಲ್ಲವನು ಉಳಿದದ್ದನ್ನೂ ಬಲ್ಲ ಎಂದು ಊರು ನಂಬಿತು. ಊರು ನಂಬಿದ್ದನ್ನು ತಾನೇ ಸುಳ್ಳು ಮಾಡುವುದು ಮಾಶಾಕನಿಗೆ ಸರಿ ಕಾಣಲಿಲ್ಲ.

ಅಂಥ ಮಾಶಾಕನ ಅಂಗಡಿಗೆ ಮೇ ತಿಂಗಳ ಒಂದು ಬುಧವಾರ ಓಣಿಯ ಮುದುಕಿ ಸಾವಕ್ಕ ಒಂದು ಪಾರ್ಸೆಲ್ಲನ್ನು ಕೂಸಿನಂತೆ ಎತ್ತಿಕೊಂಡು ಬಂದಳು.

“ನೋಡಪಾ ಮಾಶಾಕ, ಹಾಲವ್ವ ಕಳಿಸ್ಯಾಳ. ಒಳಗ ಒಂದು ಕಾಗದನೂ ಐತಿ.”

ಹಾಲವ್ವನ ನಿಜವಾದ ಹೆಸರು ಹೆಲೆನ್. ಹಳೆಯ ಗುಡಿಯ ಕಲ್ಲುಗಳ ಅಳತೆ ತೆಗೆಯಲು ಕೆನಡಾದಿಂದ ಬಂದು, ಗಣೇಶ ಚೌತಿಯಿಂದ ದೀಪಾವಳಿಯ ತನಕ ಸಾವಕ್ಕನ ಮನೆಯ ಪಡಸಾಲೆಯಲ್ಲಿ ಇದ್ದು ಹೋದವಳು. ಕೆನಡಾದವಳು ಎಂದಾಗ ಎದುರಿನ ಚಹಾದಂಗಡಿಯ ಸಕ್ರಪ್ಪ, “ನಾವೂ ಕನ್ನಡದವರರೀ” ಎಂದು ಕೈ ಮುಗಿದಿದ್ದ. ಎರಡು ತಿಂಗಳಲ್ಲಿ ಅವಳು ಕಟಕ್ ರೊಟ್ಟಿ ಮುರಿದು ತಿನ್ನುವುದನ್ನೂ, ಸಾವಕ್ಕನಂತೆ ಮಾತಾಡುವುದನ್ನೂ ಕಲಿತಳು. ಬರೆಯುವುದನ್ನು ಮಾತ್ರ ಕಲಿಯಲಿಲ್ಲ, ಏಕೆಂದರೆ ಸಾವಕ್ಕನಿಗೇ ಬರೆಯಲು ಬರುತ್ತಿರಲಿಲ್ಲ.

ಹೋಗುವ ದಿನ ಸಾವಕ್ಕ ಅವಳ ನಡಿಗೆಯನ್ನು ಹಿಂದಿನಿಂದ ನೋಡಿ, “ಮೂರು ತಿಂಗಳಾಗೈತಿ. ಹೆಣ್ಣು” ಎಂದಿದ್ದಳು. ಹೆಲೆನ್ ಬೆರಗಾಗಿ ಬಸ್ಸಿನ ಮೆಟ್ಟಿಲ ಮೇಲೆಯೇ ನಿಂತಳು. ಆ ಸುದ್ದಿಯನ್ನು ಅವಳು ಆಗ ಗಂಡನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಬಸುರಿಯ ನಡಿಗೆ ನೋಡಿ ಗಂಡು ಹೆಣ್ಣು ಹೇಳುವುದರಲ್ಲಿ ಸಾವಕ್ಕ ನಲವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲವಂತೆ. ಅಂದಿನಿಂದ ಊರೆಲ್ಲ ಕಾಯುತ್ತಿತ್ತು. ಸಾವಕ್ಕನ ವಿದ್ಯೆ ಡಂಬಳ, ಮುಂಡರಗಿ, ಶಿರಹಟ್ಟಿಯ ಹೆಂಗಸರಿಗೆ ನಡೆದೀತು, ಕಡಲಾಚೆ ನಡೆದೀತೇ ಎಂಬುದು ಪ್ರಶ್ನೆ.

“ಏನ ಹಡದಾಳಂತ ಬರದಾಳೇನು, ಮೊದಲ ಅದನ್ನ ಓದು” ಎಂದಳು ಸಾವಕ್ಕ.

ಮಾಶಾಕ ಕೈಗೆ ಹತ್ತಿದ ಗ್ರೀಸನ್ನು ಒರೆಸಿಕೊಂಡು ಕಾಗದ ಬಿಡಿಸಿದ. ಅವನದು ಓದುವುದಲ್ಲ, ಕೆಟ್ಟ ರಸ್ತೆಯಲ್ಲಿ ಸೈಕಲ್ ಹೊಡೆಯುವುದು. ಗುಂಡಿ ಬಂದಲ್ಲಿ ಹಾರಿಸಿಕೊಂಡು ಹೋಗಿ ಗಟ್ಟಿ ನೆಲ ಸಿಕ್ಕಲ್ಲಿ ಕಾಲೂರುತ್ತಿದ್ದ. ಸಾವಕ್ಕನ ಹೆಸರು ಸಿಕ್ಕಿತು. ತನ್ನ ಹೆಸರೂ ಸಿಕ್ಕಿತು, ಅದನ್ನು ಎರಡು ಸಲ ಓದಿದ. ಫೋನ್ ಎಂಬುದು ಸಿಕ್ಕಿತು. ಸಂಡೇ, ನಾಲ್ಕು ಗಂಟೆ ಎಂಬುದು ಸಿಕ್ಕಿತು. ಆಮೇಲೆ ಒಂದು ಸಾಲಿಗೆ ಬಂದವನು, ಪರವೂರಿನ ಸಂತೆಯಲ್ಲಿ ಓಣಿಯವರನ್ನು ಕಂಡಂತೆ ಮುಖವರಳಿಸಿದ.

“ಕ್ಯಾರಿಯರ್” ಎಂದ. “ಚೆಕ್, ಫೋನ್, ವರ್ಕ್, ಕ್ಯಾರಿಯರ್. ತಿಳೀತಲ್ಲ?”

“ನನಗ ತಿಳದಿದ್ರ ನಿನ್ನ ಹಂತೇಕ ಯಾಕ ಬರ್ತಿದ್ದೆ?”

“ಈ ಫೋನು ಕ್ಯಾರಿಯರ್ ಮ್ಯಾಲ ಕೆಲಸ ಮಾಡತೈತೋ ಇಲ್ಲೋ ಚೆಕ್ ಮಾಡ್ರಿ ಅಂತ ಬರದಾಳ. ಐತವಾರ ಸಂಜಿ ನಾಕಕ್ಕ ಫೋನ್ ಮಾಡ್ತಾಳಂತ. ಹಡದ ಸುದ್ದಿ ಇದರಾಗಿಲ್ಲ.”

ಎದುರಿನಿಂದ ಸಕ್ರಪ್ಪ ಚಹಾ ಸೋಸುವುದನ್ನು ಬಿಟ್ಟು ಬಂದ. ಸಂಶಯ ಪಡುವುದು ಅವನಿಗೆ ಚಹಾ ಮಾರುವುದಕ್ಕಿಂತ ಹಿಂದಿನಿಂದ ಬಂದ ಕಸಬು.

“ಯಾವ ಕ್ಯಾರಿಯರಲೇ?”

“ಸಕ್ರಪ್ಪ, ಲೋಕದಾಗ ಕ್ಯಾರಿಯರ್ ಎಷ್ಟು ಅದಾವ? ಸೈಕಲ್ಲಿಂದು. ನನ್ನ ಹೆಸರು ಹಾಕಿ ಬರದಾಳ. ಸೈಕಲ್ಲಿನ ಮಾತಲ್ಲದಿದ್ರ ನನ್ನ ಹೆಸರು ಯಾಕ ಬೇಕಿತ್ತು?”

ಸಕ್ರಪ್ಪ ಕಾಗದವನ್ನು ಇಸಿದುಕೊಂಡು ತಿರುಗಿಸಿ ನೋಡಿ ಮರಳಿ ಕೊಟ್ಟ.

ಮಾಶಾಕ ತನ್ನ ಸಣ್ಣ ಫೋನಿನ ಸಿಮ್ ಬಿಚ್ಚಿ ಕೆನಡಾದ ಫೋನಿಗೆ ಹಾಕಿದ. ಹಳೆಯ ಫೋನು ಪಂಕ್ಚರ್ ಸೊಲ್ಯೂಷನ್ನಿನ ಡಬ್ಬಿಯ ಹಿಂದೆ ಬಿತ್ತು. ಹೊಸ ಫೋನಿಗೆ ಜೀವ ಬಂತು, ಬಣ್ಣ ಬಂತು, ಒಂದು ಹಾಡೂ ಬಂತು. ನೆಟ್‌ವರ್ಕ್ ಮಾತ್ರ ಬರಲಿಲ್ಲ. ಸಿಗ್ನಲ್ಲಿನ ಕಡ್ಡಿ ಒಂದೂ ಇಲ್ಲ.

“ನೋಡಿದ್ರಿಲ್ಲೋ?” ಎಂದ ಮಾಶಾಕ, ಬಹಳ ಸಮಾಧಾನದಿಂದ. “ಕೈಯಾಗ ಇದು ಕೆಲಸ ಮಾಡಂಗಿಲ್ಲ. ಅದಕ್ಕ ಅಕಿ ಬರದಾಳ.”

ಬಾಡಿಗೆಗೆ ಕೊಡುವ ಏಳನೇ ನಂಬರಿನ ಸೈಕಲ್ಲನ್ನು ಹೊರಗೆ ತಂದರು. ಹೆಲೆನ್ ಊರಲ್ಲಿದ್ದಾಗ ಹೊಡೆಯುತ್ತಿದ್ದದ್ದು ಅದನ್ನೇ. ಫೋನನ್ನು ಅದರ ಕ್ಯಾರಿಯರ್ ಮೇಲಿಟ್ಟು ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿದರು. ಹತ್ತು ಜನ ಬಗ್ಗಿ ನೋಡಿದರು. ಏನೂ ಆಗಲಿಲ್ಲ. ಸೈಕಲ್ಲಿನ ಮುಖವನ್ನು ಗುಡಿಯ ಕಡೆ ತಿರುಗಿಸಿದರು, ಕೆರೆಯ ಕಡೆ ತಿರುಗಿಸಿದರು, ಯಾರೋ ಹೇಳಿದರೆಂದು ಕ್ಯಾರಿಯರಿನ ತುಕ್ಕನ್ನು ಉಪ್ಪುಕಾಗದದಿಂದ ತಿಕ್ಕಿದರು.

ಕೊನೆಗೆ ಸಕ್ರಪ್ಪನೇ ಬಾಯಿಬಿಟ್ಟ. “ನಿಂತ ಸೈಕಲ್ಲಿನ ಕ್ಯಾರಿಯರು ಕೆಲಸ ಮಾಡತೈತೇನು? ಓಡಬೇಕು. ಓಡಿದ್ರ ಡೈನಮೋದಾಗ ದೀಪಾ ಹತ್ತತೈತೋ ಇಲ್ಲೋ?”

ಸಂಶಯ ಪಡುವವನೇ ಹೀಗೆ ಹೇಳಿದ ಮೇಲೆ ಸಂಶಯ ಪಡಲು ಊರಲ್ಲಿ ಯಾರೂ ಉಳಿಯಲಿಲ್ಲ.

ಮಾಶಾಕನ ಹೆಂಡತಿ ನಜಮಾ ಬಾಗಿಲಲ್ಲಿ ನಿಂತು ಅಕ್ಕಿ ಆರಿಸುತ್ತ ಇದನ್ನೆಲ್ಲ ನೋಡುತ್ತಿದ್ದಳು. “ಗದಗಿನ್ಯಾಗ ಫೋನಿನ ಅಂಗಡಿ ಅದಾವಲ್ರಿ, ಅಲ್ಲೊಮ್ಮೆ ಕೇಳಬಾರದಾ?” ಎಂದಳು.

“ಫೋನಿನ ಅಂಗಡಿಯವಗ ಕ್ಯಾರಿಯರ್ ಬಗ್ಗೆ ಏನು ತಿಳೀತೈತಿ?” ಎಂದ ಮಾಶಾಕ.

ಮರುದಿನ ಮುಂಜಾನೆ ಅವನು ಹೊರಟ. ಕೆರೆ ಏರಿಯ ಮೇಲೆ ಎರಡು ಸುತ್ತು ಹೊಡೆದ, ಇಲ್ಲ. ಹೇಗೂ ಟ್ಯೂಬು ತರಬೇಕಿತ್ತು, ಬೆಟಗೇರಿಯ ತನಕ ಹೋಗಿಯೇ ನೋಡೋಣವೆಂದು ಗದಗ ರಸ್ತೆ ಹಿಡಿದ. ಅರ್ಧ ಹರದಾರಿಗೊಮ್ಮೆ ಇಳಿದು, ಹಿಂದೆ ಹೋಗಿ, ಬಗ್ಗಿ ನೋಡುತ್ತಿದ್ದ. ಎಮ್ಮೆ ಕಾಯುತ್ತಿದ್ದ ಬೀರವ್ವ ಎಂಬಾಕೆ, “ಏನಪಾ, ಸೈಕಲ್ಲು ಹಿಂದಿಂದ ತತ್ತಿ ಇಡತೈತೇನು?” ಎಂದೂ ಕೇಳಿದಳು.

ಗದಗಿನ ಹೊರಗಿನ ಪೆಟ್ರೋಲ್ ಬಂಕು ದಾಟಿದ್ದೇ ಬೆನ್ನ ಹಿಂದೆ ‘ಟಿಣ್’ ಎಂದಿತು. ಮಾಶಾಕ ಬ್ರೇಕು ಹಾಕಿ, ಇಳಿದು, ತಿರುಗಿ ನೋಡಿದ. ಫೋನಿನ ಮೇಲೆ ಕಂಪನಿಯ ಹೆಸರು. ಅದರ ಪಕ್ಕಕ್ಕೆ ಮೆಟ್ಟಿಲು ಕಟ್ಟಿದಂತೆ ನಾಲ್ಕು ಕಡ್ಡಿ.

ಬೆಟಗೇರಿಯೂ ಬೇಡ, ಟ್ಯೂಬೂ ಬೇಡ ಎಂದು ಅವನು ಅಲ್ಲಿಂದಲೇ ಸೈಕಲ್ ತಿರುಗಿಸಿದ. ಮುಟ್ಟಿದರೆ ಎಲ್ಲಿ ಹೋದೀತೋ ಎಂದು ಫೋನನ್ನು ಮುಟ್ಟಲಿಲ್ಲ, ತಿರುಗಿಯೂ ನೋಡಲಿಲ್ಲ. ಡಂಬಳಕ್ಕೆ ಬಂದು, ಊರನ್ನೆಲ್ಲ ಕರೆದು, ಪಟ್ಟಿ ಬಿಚ್ಚಿ ತೋರಿಸಿದರೆ ಕಡ್ಡಿ ಒಂದೂ ಇಲ್ಲ.

“ಬಂದಿತ್ತು” ಎಂದ ಮಾಶಾಕ.

“ಬಂದಿರಬೇಕು” ಎಂದ ಸಕ್ರಪ್ಪ. ಅವನು ಹಾಗೆ ಹೇಳಿದರೆ ಬಂದಿಲ್ಲ ಎಂದು ಅರ್ಥ.

ಮಾತು ಬೆಳೆಯಿತು. ಸಾಕ್ಷಿ ಬೇಕೆಂದಾಯಿತು. ಶನಿವಾರ ಸಕ್ರಪ್ಪನನ್ನೇ ಕರೆದುಕೊಂಡು ಹೋಗುವುದೆಂದು ಠರಾವಾಯಿತು. ಕ್ಯಾರಿಯರ್ ಮೇಲೆ ಫೋನು ಇದ್ದದ್ದರಿಂದ ಸಕ್ರಪ್ಪ ಮುಂದಿನ ದಂಡಿಗೆಯ ಮೇಲೆ ಅಡ್ಡ ಕುಳಿತ. ಸಕ್ರಪ್ಪ ಸಣ್ಣ ಆಳಲ್ಲ. ಅವನ ಹೆಗಲ ಮೇಲಿಂದ ರಸ್ತೆ ಕಾಣದೆ ಮಾಶಾಕ ಅವನನ್ನೇ ಕೇಳಿ ಕೇಳಿ ಹ್ಯಾಂಡಲ್ ತಿರುಗಿಸಬೇಕಾಯಿತು.

ಗದಗಿನ ನಾಕಾದಲ್ಲಿ ಒಬ್ಬ ಪೊಲೀಸ್ ಪೇದೆ ಕೈ ಅಡ್ಡ ಹಿಡಿದ. ಮುಂದೆ ನೋಡಿದ, ಹಿಂದೆ ನೋಡಿದ.

“ಕ್ಯಾರಿಯರ್ ಖಾಲಿ ಐತಿ. ಈ ಯಜಮಾನರನ್ನ ಯಾಕ ಮುಂದ ಕುಂಡ್ರಿಸಿ ಕೊಲ್ಲಾಕತ್ತೀದಿ?”

“ಖಾಲಿ ಇಲ್ರಿ ಸಾಹೇಬ್ರ. ಅಲ್ಲಿ ಫೋನ್ ಐತ್ರಿ.”

“ಫೋನು ಕಿಸೇದಾಗ ಇಟಗೊ. ಇವರನ್ನ ಹಿಂದ ಕುಂಡ್ರಿಸು.”

“ಕಿಸೇದಾಗ ಅದು ಕೆಲಸ ಮಾಡಂಗಿಲ್ರಿ. ಇದು ಕೆನಡಾದ್ದು. ಕ್ಯಾರಿಯರ್ ಮ್ಯಾಲಷ್ಟ ನಡೀತೈತ್ರಿ.”

ಪೇದೆ ಹದಿನೆಂಟು ವರ್ಷದ ನೌಕರಿಯಲ್ಲಿ ಬಹಳ ಸುಳ್ಳು ಕೇಳಿದ್ದ. ಇದು ಯಾವ ಸುಳ್ಳಿನ ಜಾತಿಗೂ ಸೇರಲಿಲ್ಲ. ಅವನು ಹಿಂದೆ ಹೋಗಿ ಬಗ್ಗಿದ. ನಾಲ್ಕು ಕಡ್ಡಿ ನಿಂತಿದ್ದವು.

“ಖರೆನ ಬಂದೈತಲ್ಲ” ಎಂದು, ತಡೆಯಲಾರದೆ ಪಟ್ಟಿ ಸರಿಸಿ ಫೋನನ್ನು ಕೈಗೆತ್ತಿಕೊಂಡ. ಕಡ್ಡಿ ಹೋಗಲಿಲ್ಲ. ಅವನು ಅದನ್ನು ಸಕ್ರಪ್ಪನ ಕೈಗಿಟ್ಟ. ಹೋಗಲಿಲ್ಲ. ಸಕ್ರಪ್ಪ ಅದನ್ನು ಎತ್ತರಕ್ಕೆ ಹಿಡಿದ, ಕೆಳಗೆ ಹಿಡಿದ, ಸೈಕಲ್ಲಿನಿಂದ ಇಪ್ಪತ್ತು ಹೆಜ್ಜೆ ದೂರ ನಡೆದುಹೋದ. ಅಲ್ಲಿಂದ ಕೂಗಿ ಹೇಳಿದ:

“ಮಾಶಾಕ, ಇಲ್ಲೂ ನಾಕ ಅದಾವ.”

ಮಾಶಾಕ ಕ್ಯಾರಿಯರನ್ನು ಒಮ್ಮೆ ಮುಟ್ಟಿ ನೋಡಿದ. ಆಮೇಲೆ ಗಂಭೀರವಾಗಿ, “ಡಂಬಳದಿಂದ ಇಲ್ಲೀತನ ಕ್ಯಾರಿಯರ್ ಮ್ಯಾಲ ಕುಂತು ಬಂದೈತಿ. ಅದರ ಶಕ್ತಿ ಲಗೂ ಇಳಿಯಂಗಿಲ್ಲ” ಎಂದ.

ಪೇದೆ ಇಬ್ಬರನ್ನೂ ಸರದಿಯಂತೆ ನೋಡಿ, “ಎದುರಿಗಿನ ಓಣಿಯಾಗ ಅಯ್ಯೂಬನ ಮೊಬೈಲ್ ಅಂಗಡಿ ಐತಿ. ಅಲ್ಲಿಗೆ ಹೋಗ್ರಿ. ನಡಕೋತ ಹೋಗ್ರಿ” ಎಂದ. ಅವರು ಹೋದ ಮೇಲೆ ಏನಾಗುವುದೋ ನೋಡಬೇಕೆಂದು ನಾಕಾ ಬಿಟ್ಟು ಅವನೂ ಹಿಂದೆ ಹೋದ.

ಅಯ್ಯೂಬ ಇಪ್ಪತ್ತೈದರ ಹುಡುಗ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುವವನು, ಕೇಳದ್ದಕ್ಕೆ ಬಾಯಿ ಬಿಡದವನು. ಕಾಗದವನ್ನು ಓದಿದ. ಮತ್ತೊಮ್ಮೆ ಓದಿದ. ಬಾಗಿಲ ಹೊರಗೆ ನಿಂತ ಸೈಕಲ್ಲನ್ನೂ ಅದರ ಕ್ಯಾರಿಯರಿಗೆ ಜೋತುಬಿದ್ದ ಟ್ಯೂಬಿನ ಪಟ್ಟಿಯನ್ನೂ ನೋಡಿದ.

“ಚಾಚಾ, ಇದರಾಗ ಕ್ಯಾರಿಯರ್ ಅಂದ್ರ ಸಿಮ್ ಕೊಡೂ ಕಂಪನಿ. ಈ ಫೋನು ನಿಮ್ಮ ಕಂಪನೀ ನೆಟ್‌ವರ್ಕಿಗೆ ಹೊಂದತೈತೋ ಇಲ್ಲೋ ಅವರನ್ನ ಕೇಳ್ರಿ ಅಂತ ಬರದಾರ.”

ಮಾಶಾಕನೂ ತಿರುಗಿ ಸೈಕಲ್ಲಿನ ಕಡೆ ನೋಡಿದ.

“ಹಂಗಾದ್ರ ಸೈಕಲ್ಲು?” ಎಂದ ಮಾಶಾಕ.

“ಸೈಕಲ್ಲಿನ ಮಾತ ಇಲ್ಲ ಚಾಚಾ.”

“ಮತ್ತ ಇಲ್ಲಿ ಬರ್ತೈತಿ, ಡಂಬಳದಾಗ ಬರಂಗಿಲ್ಲ. ಅದ್ಯಾಕ?”

ಅವಮಾನದ ನಡುವೆಯೂ ಮಾಶಾಕನಿಗೆ ಅದು ತಿಳಿಯಬೇಕಿತ್ತು. ಮೂರು ದಿನದಿಂದ ಅವನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಅಯ್ಯೂಬ ಫೋನನ್ನು ಬಿಚ್ಚಿ, ಒಳಗಿನ ಚೀಟಿಯನ್ನು ಭೂತಗನ್ನಡಿಯಲ್ಲಿ ನೋಡಿ, ಯಾವುದೋ ಪಟ್ಟಿ ತೆಗೆದು ನಂಬರು ಹೊಂದಿಸಿ ನೋಡಿದ.

“ನೀವು ಇಪ್ಪತ್ತೆಂಟರ ಗಾಲಿಗೆ ಇಪ್ಪತ್ತಾರರ ಟ್ಯೂಬ್ ಹಾಕ್ತೀರೇನು?”

“ಹಾಕಿದ್ರ ಕೂಡಂಗಿಲ್ಲ.”

“ಟವರಿನ ಸಿಗ್ನಲ್ಲಿಗೂ ಹಂಗ ಅಳತಿ ಇರ್ತಾವ. ಅವರ ದೇಶದಾಗ ಬ್ಯಾರೆ ಅಳತಿ, ನಮ್ಮಲ್ಲಿ ಬ್ಯಾರೆ ಎರಡು. ಈ ಫೋನಿನ್ಯಾಗ ಮೂರು ಅಳತಿ ಅದಾವ, ಅದರಾಗ ಒಂದಷ್ಟ ನಮ್ಮ ದೇಶದ್ದು. ಹಳ್ಳಿ ಟವರಿನ್ಯಾಗ ಆ ಒಂದು ಇಲ್ಲ. ಗದಗ ದೊಡ್ಡ ಊರು, ಇಲ್ಲಿ ಕಂಪನಿಯವರು ಎರಡೂ ಹಾಕ್ಯಾರ.”

ಮಾಶಾಕನಿಗೆ ಒಂದೇ ಏಟಿಗೆ ತಿಳಿಯಿತು. ಇಷ್ಟು ಚೆಂದವಾಗಿ ತಿಳಿಯಿತೆಂದರೆ, ಪೇದೆ ‘ನನಗ ತಿಳೀಲಿಲ್ಲ’ ಎಂದಾಗ ಅವನೇ ತಿರುಗಿ ನಿಂತು ರಿಮ್ಮು, ಟ್ಯೂಬು ಎಂದು ಕೈ ಮಾಡಿ ವಿವರಿಸಿದ.

ಆಮೇಲೆ ಅಯ್ಯೂಬ ಉಳಿದ ಕಾಗದವನ್ನೂ ಓದಿ ಹೇಳಿದ. ಹೆಲೆನ್ ಮೇ ತಿಂಗಳ ಕೊನೆಯ ಭಾನುವಾರ ಸಂಜೆ ನಾಲ್ಕಕ್ಕೆ ಮಾಶಾಕನ ನಂಬರಿಗೆ ಫೋನ್ ಮಾಡುತ್ತಾಳೆ. ಆ ನಂಬರು ಅವಳ ಬಳಿ ಇದೆ, ಹಿಂದೆ ಪಂಕ್ಚರ್ ಆದಾಗಲೆಲ್ಲ ಅದಕ್ಕೇ ಮಾಡುತ್ತಿದ್ದದ್ದು. ಈ ಫೋನು ಹೊಂದಿದರೆ ಮುಂದೆ ಸಾವಕ್ಕನಿಗೆ ಬೇರೆ ನಂಬರು ಕೊಡಿಸಬೇಕು. ಹೆರಿಗೆಯ ಸುದ್ದಿಯನ್ನು ಸಾವಕ್ಕನಿಗೆ ತಾನೇ ಬಾಯಾರೆ ಹೇಳುತ್ತಾಳೆ.

“ಐತವಾರ ಅಂದ್ರ ನಾಳೆ” ಎಂದ ಸಕ್ರಪ್ಪ.

“ಫೋನು ಡಂಬಳದಾಗ ನಡಿಯಂಗಿಲ್ಲ” ಎಂದ ಮಾಶಾಕ. “ಸಾವಕ್ಕನ್ನ ಇಲ್ಲಿಗೆ ಕರಕೊಂಡು ಬರಬೇಕು.”

ಅಯ್ಯೂಬನನ್ನು ಯಾರೂ ಏನೂ ಕೇಳಲಿಲ್ಲ, ಅವನೂ ಏನೂ ಹೇಳಲಿಲ್ಲ.

ಮರಳಿ ಬರುವಾಗ ಸಕ್ರಪ್ಪ ಕ್ಯಾರಿಯರ್ ಮೇಲೆ ಕುಳಿತ. ಊರು ಹತ್ತಿರವಾದಾಗ ಮಾಶಾಕ ಮೆಲ್ಲಗೆ, “ಸಕ್ರಪ್ಪ, ಊರಾಗ ಏನಂತ ಹೇಳೂದು?” ಎಂದ. ಸಕ್ರಪ್ಪನ ಬಾಯಿಗೆ ಬಿದ್ದ ಸುದ್ದಿ ಮಧ್ಯಾಹ್ನದ ಬಸ್ಸಿಗಿಂತ ಮೊದಲು ಮುಂಡರಗಿ ಮುಟ್ಟುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಸಕ್ರಪ್ಪನಿಗೂ ತೊಂದರೆಯಿತ್ತು. ನಿಂತ ಸೈಕಲ್ಲು ಕೆಲಸ ಮಾಡುವುದಿಲ್ಲ, ಓಡಬೇಕು ಎಂದು ಹತ್ತು ಜನರೆದುರು ಹೇಳಿದವನು ಅವನೇ.

“ಟವರಿಂದು ಅಳತಿ ಬ್ಯಾರೆ ಅಂತ ಹೇಳೂಣು” ಎಂದ ಸಕ್ರಪ್ಪ. “ಉಳದದ್ದು ನಮ್ಮಿಬ್ಬರ ನಡುವ ಇರಲಿ.”

ಭಾನುವಾರ ಮಧ್ಯಾಹ್ನದ ಬಸ್ಸಿಗೆ ಸಾವಕ್ಕ ಹೊಸ ಇಳಕಲ್ ಸೀರೆಯುಟ್ಟು, ಎಣ್ಣೆ ಹಚ್ಚಿ ತಲೆ ಬಾಚಿ, ಒಂದು ಗಂಟಿನಲ್ಲಿ ಅಂಟಿನುಂಡಿ ಕಟ್ಟಿಕೊಂಡು ಹತ್ತಿದಳು. ಫೋನಿನಲ್ಲಿ ಉಂಡಿ ಹೋಗುವುದಿಲ್ಲವೆಂದು ಮಾಶಾಕ ಹೇಳಿದ. “ಬಾಣಂತಿ ಕೂಡ ಬರೇ ಕೈಲೆ ಮಾತಾಡಬಾರದು” ಎಂದಳು. ಸಕ್ರಪ್ಪ ಚಹಾದಂಗಡಿ ಮುಚ್ಚಿ ಬಂದ.

ಅಯ್ಯೂಬನ ಅಂಗಡಿಯ ಮೆಟ್ಟಿಲ ಮೇಲೆ ಮೂವರೂ ಕುಳಿತರು. ಪೇದೆಗೆ ಅಂದು ರಜೆ. ಅವನು ಮಗಳನ್ನೂ ಕರೆದುಕೊಂಡು ಬಂದು ನಿಂತ. ನಾಲ್ಕಾಯಿತು. ನಾಲ್ಕರ ಮೇಲೆ ಐದು ನಿಮಿಷವಾಯಿತು. ಮಾಶಾಕ ಫೋನನ್ನು ಅಂಗಿಯ ತುದಿಯಿಂದ ಒರೆಸಿದ. ಅಯ್ಯೂಬನೂ ಅದನ್ನೇ ಓದಿದ್ದು ಮರೆತು, ತಾನು ‘ನಾಲ್ಕು’ ಎಂದು ಓದಿದ್ದು ಕೂಡ ಸೈಕಲ್ಲಿನ ಯಾವುದಾದರೂ ಸಾಮಾನೇ ಇರಬಹುದೇ ಎಂದು ಅವನಿಗೆ ಹೆದರಿಕೆಯಾಯಿತು.

ನಾಲ್ಕೂ ಎಂಟಕ್ಕೆ ಫೋನು ರಿಂಗಾಯಿತು. ಮಾಶಾಕ ಗುಂಡಿ ಒತ್ತಿ ಸಾವಕ್ಕನ ಕಿವಿಗೆ ಹಿಡಿದ.

“ಅವ್ವಾ, ನಾ ಹಾಲವ್ವ. ಅರಾಮ ಅದಿಯೇನು?” ಅಷ್ಟು ದೂರದ ಮಾತು ಮೆಟ್ಟಿಲ ಕೆಳಗೆ ನಿಂತವರಿಗೂ ಕೇಳುವಷ್ಟು ಸ್ವಚ್ಛವಾಗಿತ್ತು.

“ಅರಾಮ ಅದೀನಿ. ತಡಿ, ಹೇಳಬ್ಯಾಡ” ಎಂದಳು ಸಾವಕ್ಕ, ಕೆನಡಾಕ್ಕೆ ನೇರವಾಗಿ ಮುಟ್ಟುವ ದನಿಯಲ್ಲಿ. “ನಾ ಹೇಳ್ತೀನಿ. ಹೆಣ್ಣು ಹೌದಲ್ಲೋ?”

ಆ ಕಡೆ ನಗು.

“ಅರ್ಧಾ ಖರೆ, ಅವ್ವಾ. ಎರಡ ಅದಾವ. ಒಂದು ಹೆಣ್ಣು, ಒಂದು ಗಂಡು.”

ಎಲ್ಲರೂ ಸಾವಕ್ಕನ ಮುಖ ನೋಡಿದರು. ನಲವತ್ತು ವರ್ಷದ ಹೆಸರು ಆ ಮೆಟ್ಟಿಲ ಮೇಲೆ ತೂಗುತ್ತಿತ್ತು. ಸಾವಕ್ಕ ಸೆರಗು ಸರಿಮಾಡಿಕೊಂಡಳು.

“ಮೊದಲ ಯಾವದು ಬಂತು?”

“ಹೆಣ್ಣು.”

“ಹಂಗನ್ನು. ನಾ ಹೇಳಿದ್ದು ಅದನ್ನ. ಹಿಂದಿಂದ ಬಂದದ್ದನ್ನ ನೀ ಕೇಳಿದ್ದಿಲ್ಲ, ನಾ ಹೇಳಿದ್ದಿಲ್ಲ.”

ಹೆಲೆನ್ ಕೂಸುಗಳನ್ನು ಫೋನಿನ ಹತ್ತಿರ ತಂದಳು. ಒಂದು ಅಳುತ್ತಿತ್ತು. ಸಾವಕ್ಕ ಕಣ್ಣು ಮುಚ್ಚಿ ಕೇಳಿ, “ಇದು ಹಸಿವಿನ ಅಳು ಅಲ್ಲ, ಹೊಟ್ಟಿ ಉಬ್ಬರ. ಓಂಕಾಳು ಕುದಿಸಿ ನೀ ಕುಡಿ” ಎಂದಳು. ಕೆನಡಾದಲ್ಲಿ ಓಂಕಾಳು ಎಲ್ಲಿ ಸಿಗುತ್ತದೆಂಬುದರ ಮೇಲೆ ಹತ್ತು ನಿಮಿಷ ಮಾತಾಯಿತು. ಇಂಗ್ಲಿಷಿನಲ್ಲಿ ಏನಾದರೂ ಹೇಳಬೇಕಾದೀತೆಂದು ರಾತ್ರಿಯಿಡೀ ತುಟಿ ಅಲ್ಲಾಡಿಸಿದ್ದ ಮಾಶಾಕನ ಸರದಿ ಬಂದಾಗ ಹೆಲೆನ್ ಕೇಳಿದ್ದು ಕನ್ನಡದಲ್ಲೇ.

“ಕ್ಯಾರಿಯರ್ ಚೆಕ್ ಮಾಡಿದ್ರೇನ್ರಿ, ಮಾಶಾಕಣ್ಣ?”

ಸಕ್ರಪ್ಪ ಆಕಾಶ ನೋಡಿದ. ಪೇದೆ ಕೆಮ್ಮಿದ.

“ಮಾಡಿದೆವ್ರಿ” ಎಂದ ಮಾಶಾಕ. “ಭಾಳ ಚೆಕ್ ಮಾಡಿದೆವು.”

ದೀಪ ಹಚ್ಚುವ ಹೊತ್ತಿಗೆ ಡಂಬಳಕ್ಕೆ ಮರಳಿದರು. ಸಾವಕ್ಕ ಮಾಶಾಕನ ಕಟ್ಟೆಯ ಮೇಲೆಯೇ ಕುಳಿತು ಅಂಟಿನುಂಡಿಯನ್ನು ಬಂದವರಿಗೆಲ್ಲ ಹಂಚಿದಳು. ನಜಮಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ ಒಂದೇ ಮಾತು ಕೇಳಿದಳು.

“ಅಲ್ರೀ, ಆ ಫೋನಿನ್ಯಾಗ ಹಾಕಿದ್ದ ಸಿಮ್ಮು ಯಾರದು?”

“ನಂದು.”

“ಅಕಿ ಫೋನ್ ಮಾಡಿದ್ದು ಯಾರ ನಂಬರಿಗೆ?”

“ನನ್ನ ನಂಬರಿಗೆ.”

“ನಿಮ್ಮ ಹಳೇ ಫೋನು ನಮ್ಮ ಮನ್ಯಾಗ ನಡೀತಿತ್ತಿಲ್ಲೋ? ಸಿಮ್ಮು ಅದರಾಗ ಹೊಳ್ಳಿ ಹಾಕಿದ್ರ ಸಾವಕ್ಕ ಇಲ್ಲೇ ಕುಂತು ಮಾತಾಡ್ತಿದ್ಲಲ್ಲ.”

ಮಾಶಾಕ ಸಕ್ರಪ್ಪನ ಕಡೆ ನೋಡಿದ. ಸಕ್ರಪ್ಪ ಬಾಯಲ್ಲಿದ್ದ ಉಂಡಿಯನ್ನು ಅಗಿಯುವುದನ್ನೂ ಮರೆತಿದ್ದ.

“ನಾನೂ ನಿನ್ನೆ ಅದನ್ನ ಅಂದಕೊಂಡಿದ್ದೆ” ಎಂದಳು ಸಾವಕ್ಕ. “ನಮ್ಮ ಹುಚ್ಚವ್ವನ ಮೊಮ್ಮಗ ಹಂಗ ಸಿಮ್ಮು ತಗದು ಹಾಕೂದನ್ನ ನೋಡೀನಿ.”

“ಮತ್ತ ಹೇಳಬಾರದೇನ ಯಕ್ಕಾ?”

“ಹೇಳಿದ್ರ ನೀವು ನನ್ನ ಗದಗಿಗೆ ಕರಕೊಂಡು ಹೋಗ್ತಿದ್ರೇನು? ನೋಡಿ ಹನ್ನೆರಡು ವರ್ಷಾಗಿತ್ತು. ಈ ಫೋನು ಅಲ್ಲೇ ಅಯ್ಯೂಬನ ಅಂಗಡ್ಯಾಗ ಇರಲಿ. ತಿಂಗಳಿಗೊಮ್ಮೆ ನಾನ ಹೋಗಿ ಮಾತಾಡಿ ಬರ್ತೀನಿ.”

ಹಾಗೆಯೇ ಆಯಿತು. ಸಾವಕ್ಕನ ಹೆಸರಿಗೊಂದು ಸಿಮ್ ಬಂತು, ಫೋನು ಗದಗಿನಲ್ಲಿ ಉಳಿಯಿತು. ಸಾವಕ್ಕ ತಿಂಗಳಿಗೊಮ್ಮೆ ಕಿಟಕಿಯ ಸೀಟು ಹಿಡಿದು ಹೊರಟಳೆಂದರೆ ಜೊತೆಗೆ ಓಣಿಯ ಇಬ್ಬರು ಮೂವರು ಹೆಂಗಸರೂ ಹೊರಡುತ್ತಿದ್ದರು.

ಜೂನಿನಲ್ಲಿ ಶಾಲೆ ಸುರುವಾಗಿ ಗವಿಸಿದ್ದೇಶ ಮಾಸ್ತರು ಊರಿಗೆ ಬಂದರು. ಮೊದಲ ದಿನವೇ ಮಾಶಾಕ ಒಂದು ಹಾಳೆ ಹಿಡಿದು ಅವರ ಮನೆಗೆ ಹೋದ. ಹಾಳೆಯ ತುಂಬ ಸೈಕಲ್ಲಿನ ಸಾಮಾನುಗಳ ಹೆಸರು.

“ಸರ, ಇವಕ್ಕೆಲ್ಲಾ ಸೈಕಲ್ ಬಿಟ್ಟು ಬ್ಯಾರೆ ಅರ್ಥ ಏನೇನು ಅದಾವ ಹೇಳ್ರಿ. ಒಂದಕ್ಕ ಮೋಸ ಹೋಗೀನಿ.”

ಮಾಸ್ತರಿಗೂ ಹುಮ್ಮಸ್ಸು ಬಂತು. ಗಾಲಿ ಹಿಡಿಯುವ ಫೋರ್ಕಿನಿಂದ ದೊಡ್ಡ ಹೋಟೆಲಿನಲ್ಲಿ ಊಟ ಮಾಡುತ್ತಾರೆಂದು ಕೇಳಿ ಮಾಶಾಕ ನಂಬಲಿಲ್ಲ. ನಟ್ಟು ಎಂದರೆ ಗೋಡಂಬಿಯೂ ಹೌದೆಂದಾಗ ಬರೆದುಕೊಂಡ. ಹೀಗೇ ಕೆಳಗಿಳಿಯುತ್ತ ಮಾಸ್ತರು ಗಾಲಿಯ ಕಡ್ಡಿಗೆ ಬಂದರು.

“ಸ್ಪೋಕ್. ಇದಕ್ಕ ‘ಮಾತಾಡಿದ’ ಅಂತನೂ ಅರ್ಥ.”

“ಯಾರು ಮಾತಾಡಿದ್ರಿ?”

“ಯಾರಾದರೂ ಆಗಲಿ. ಅವ ಮಾತಾಡಿದ, ಅಕಿ ಮಾತಾಡಿದ್ಲು, ಎಲ್ಲಾದಕ್ಕೂ ಅದ ಶಬ್ದ.”

ಮಾಶಾಕ ಬಹಳ ಹೊತ್ತು ಆ ಶಬ್ದವನ್ನು ನೋಡುತ್ತ ಕುಳಿತ. ಒಂದು ಸೈಕಲ್ಲಿಗೆ ಮುಂದೆ ಮೂವತ್ತೆರಡು, ಹಿಂದೆ ನಲವತ್ತು. ಇಷ್ಟು ವರ್ಷದಲ್ಲಿ ಎಷ್ಟು ಸಾವಿರ ಬಿಗಿದಿದ್ದನೋ, ಒಂದೂ ಅವನಿಗೆ ಇದನ್ನು ಹೇಳಿರಲಿಲ್ಲ. ಫೋನು ಕಳಿಸಿದವಳಿಗೆ ಒಂದು ಕಾಗದ ಬರೆಯಬೇಕೆಂದು ನಜಮಾ ವಾರದಿಂದ ಹೇಳುತ್ತಿದ್ದಳು. ಅವನು ಅಲ್ಲೇ ಮಾಸ್ತರ ಪೆನ್ನು ಇಸಿದುಕೊಂಡು, ನಾಲಿಗೆಯ ತುದಿ ಕಚ್ಚಿ, ಜೀವನದ ಮೊದಲ ಇಂಗ್ಲಿಷ್ ಕಾಗದವನ್ನು ಎರಡೇ ಶಬ್ದದಲ್ಲಿ ಬರೆದ: ‘ಸಾವಕ್ಕ ಸ್ಪೋ‌ಕ್.’

ಮಾಸ್ತರು ಅಭ್ಯಾಸಬಲದಿಂದ ಕೆಂಪು ಪೆನ್ನು ತೆಗೆದು ತಪ್ಪು ಹುಡುಕಿದರು. ಎಲ್ಲೂ ಸಿಗಲಿಲ್ಲ.